ಕಾಲಿಗೆ ನೀರು

ನಕ್ಷೆಯ ಮೇಲೆ ಬೆರಳಿಟ್ಟರೆ ಸಾಕು, ವಿಡಿಯೋ ಗೇಮಿನಲ್ಲಿ ಆಗುವಂತೆ ಮನುಷ್ಯ ಮರುಕ್ಷಣವೇ ಆ ಊರಿನಲ್ಲಿರುತ್ತಿದ್ದ. ಆದ್ದರಿಂದಲೇ ನವಲಗುಂದದ ನೀಲವ್ವ, ತನ್ನನ್ನು ಮೆಚ್ಚಿದ ಫಕ್ಕೀರಪ್ಪನಿಗೆ ಒಂದೇ ಷರತ್ತು ಹಾಕಿದ್ದಳು: ಧಾರವಾಡದಿಂದ ನಡೆದು ಬಂದರೆ ಮಾತ್ರ ಮದುವೆ.

ತಾನು ಹುಟ್ಟು ಅಲೆಮಾರಿಯೆಂದು ಊರಿಗೆಲ್ಲ ಹೇಳಿಕೊಂಡಿದ್ದ ಫಕ್ಕೀರಪ್ಪ ಮುಂಜಾನೆ ಬುತ್ತಿ ಕಟ್ಟಿಕೊಂಡು ಗಾಂಭೀರ್ಯದಿಂದ ಹೊರಟ. ಓಣಿಯ ತಿರುವಿನಲ್ಲೇ ಚಪ್ಪಲಿ ಕಚ್ಚಿತು. ಅಲ್ಲೇ ಕುಳಿತು ಬುತ್ತಿ ಮುಗಿಸಿದ. ಒಂದು ನಿದ್ದೆಯನ್ನೂ ತೆಗೆದ. ಸಂಜೆ, ಓಣಿಯ ಧೂಳನ್ನು ಮೊಣಕಾಲಿನವರೆಗೆ ಶ್ರದ್ಧೆಯಿಂದ ಬಳಿದುಕೊಂಡು, ನಕ್ಷೆಯ ಮೇಲೆ ಬೆರಳಿಟ್ಟ.

ನೀಲವ್ವ ಹೊಸ್ತಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ನಡೆದು ಬಂದವರ ಕಾಲಿಗೆ ನೀರು ಕೊಡುವ ಪದ್ಧತಿಯನ್ನು ಅವಳು ಅಜ್ಜಿಯಿಂದ ಕೇಳಿದ್ದಳಷ್ಟೆ. ಫಕ್ಕೀರಪ್ಪ ನರಳುತ್ತ ಕಾಲು ತೊಳೆದುಕೊಂಡ. ನೀರು ಕೆಂಪಗೆ ಇಳಿದು ಅಂಗಳದ ಕರಿಮಣ್ಣಿನ ಮೇಲೆ ನಿಂತಿತು.

“ನಮ್ಮೂರ ಸುತ್ತ ಎಲ್ಲಾ ಕರೀ ಮಣ್ಣಿನ ಎರಿ ಹೊಲ. ಈ ಕೆಂಪು ಮಣ್ಣು ನಿಮ್ಮ ಓಣೀದಲ್ಲೇನ್ರಿ?” ಎಂದಳು ನೀಲವ್ವ.

“ಹೂಂ, ನಮ್ಮ ಓಣೀದ. ಆದ್ರ ಭಾಳ ಮನಸಿಟ್ಟು ಹಚ್ಕೊಂಡೀನಿ.”

“ಮನೀಗೆ ಬೇಕಾದ್ರ ಬೆರಳಿಟ್ಟು ಹೋಗ್ರಿ. ಬರೂದು ಮಾತ್ರ ನಡದ ಬರ್ರಿ.”

“ಎರಡೂ ನಡೀತೀನಿ. ದಾರಿ ಯಾಕಡೆ ಐತಿ, ಅದನ್ನರ ಹೇಳು.”

ನೀಲವ್ವ ಒಂದು ದಿಕ್ಕಿಗೆ ಕೈಯೆತ್ತಿದಳು, ಇಳಿಸಿದಳು, ಇನ್ನೊಂದು ದಿಕ್ಕಿಗೆ ಎತ್ತಿದಳು. ಹುಟ್ಟಿದಾಗಿನಿಂದ ಅವಳೂ ಬೆರಳಿಟ್ಟೇ ಓಡಾಡಿದವಳು. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಚಪ್ಪಲಿ ಹುಡುಕತೊಡಗಿದಳು.

“ತಡೀರಿ, ನಾನೂ ಬರ್ತೀನಿ. ಹುಡುಕೂಣು.”

ಫಕ್ಕೀರಪ್ಪ ಗಾಂಭೀರ್ಯದಿಂದ ಮುಂದೆ ನಡೆದ. ತಿರುವಿನಲ್ಲಿ ಚಪ್ಪಲಿ ಮತ್ತೆ ಕಚ್ಚಿತು. ಈ ಸಲ ಅವನು ಕೂರಲಿಲ್ಲ.