ಹುಳದ ಮನೆಯ ಗೋಡೆ

ಷಮೀಮ್ ಚಮಚದ ತುದಿಯಿಂದ ಬಣ್ಣದ ಡಬ್ಬಿಯ ಮುಚ್ಚಳ ಮೀಟಿದ್ದೇ ತಡ, ಗಂಗುಲಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗಿನಿಂದ ಓಡಿಬಂದಳು. "ಮುಚ್ಚಮ್ಮ ಅದನ್ನ, ಮೊದ್ಲು ಮುಚ್ಚು. ನನ್ನ ಮಕ್ಳು ನಾಕನೇ ಜ್ವರದಿಂದ ಈಗಿನ್ನೂ ಎದ್ದವೆ. ಈ ವಾಸನೆ ಒಳಗೆ ಹೋದ್ರೆ ಒಂದೂ ಉಳಿಯಲ್ಲ."

ಮಕ್ಕಳೆಂದರೆ ರೇಷ್ಮೆಹುಳುಗಳು. ಅವು ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು ಅಲುಗಾಡದೆ ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ಶಿಡ್ಲಘಟ್ಟದಲ್ಲೇ ಹುಟ್ಟಿ ಎಸ್ಸೆಸ್ಸೆಲ್ಸಿಯವರೆಗೆ ಬಂದ ಹುಡುಗಿಗೆ ಅಷ್ಟೂ ತಿಳಿಯದೇ ಎಂದು ನೀವು ಕೇಳಬಹುದು. ತಿಳಿದಿರಲಿಲ್ಲ. ಅವಳ ಅಬ್ಬಾ ಬಷೀರ್ ಅಹಮದರದು ನೂಲು ಬಿಚ್ಚುವ ಮನೆ. ಅಲ್ಲಿಗೆ ಬರುವುದು ಗೂಡು, ಅದು ಹೋಗುವುದು ನೇರವಾಗಿ ಕುದಿನೀರಿಗೆ. ಜೀವಂತ ಹುಳುವನ್ನು ಅವಳು ಕಣ್ಣಾರೆ ಕಂಡಿದ್ದೇ ಇಲ್ಲ.

ಇದೆಲ್ಲ ಡ್ರಾಯಿಂಗ್ ಮೇಷ್ಟ್ರು ಕೋನಪ್ಪನವರ ಹುಚ್ಚು. ಸಂಜೆ ಗಂಟೆ ಹೊಡೆದ ಮೇಲೆ ಹೈಸ್ಕೂಲಿನ ಮಕ್ಕಳು ಒಬ್ಬೊಬ್ಬರು ಒಂದೊಂದು ಮನೆಯ ಗೋಡೆ ಹಿಡಿಯಬೇಕು, ಏನು ಬರೆಯಲಿ ಎಂದು ಮನೆಯವರನ್ನು ಕೇಳಬೇಕು, ಕೇಳಿದ್ದನ್ನೇ ಬರೆಯಬೇಕು. ಹೆಚ್ಚಿನವರು ಆಂಜನೇಯನನ್ನು ಕೇಳಿದರು. ಒಬ್ಬರು ಬೆಂಗಳೂರಿನ ರೈಲು ಕೇಳಿದರು, ಇನ್ನೊಬ್ಬರು ಹೋದ ವರ್ಷ ಸತ್ತ ಎತ್ತನ್ನು. ದಿಬ್ಬೂರಹಳ್ಳಿ ರಸ್ತೆಯ ಕೊನೆಯ ಗೋಡೆ ಷಮೀಮಳ ಪಾಲಿಗೆ ಬಂದಿತ್ತು. ಅವಳು ಮೊದಲೇ ಮಾಮೂವನ್ನು ಆರು ತಿಂಗಳು ಕಾಡಿ ಬೇಡಿ ಬೆಂಗಳೂರಿನಿಂದ ಎಣ್ಣೆ ಬಣ್ಣ ತರಿಸಿಕೊಂಡಿದ್ದಳು. ಅದರ ಹಸಿರನ್ನು ಅವಳು ನೋಡಿದ್ದು ಆ ಒಂದು ಗಳಿಗೆ ಮಾತ್ರ.

ಅವಳ ಕಣ್ಣಲ್ಲಿ ನೀರು ಕಂಡು ಗಂಗುಲಮ್ಮನ ಸಿಟ್ಟು ಇಳಿಯಿತು. ಕೈಕಾಲು ತೊಳೆಸಿ ಒಳಗೆ ಕರೆದುಕೊಂಡು ಹೋದಳು. ಕತ್ತಲಲ್ಲ, ಬೆಳಕೂ ಅಲ್ಲ, ಅಂಥ ಕೋಣೆ. ತಟ್ಟೆಯ ಮೇಲೆ ತಟ್ಟೆ, ಅದರ ತುಂಬ ಸೊಪ್ಪು, ಸೊಪ್ಪಿನ ತುಂಬ ಹುಳು. ಮಳೆ ಬೀಳುತ್ತಿದೆಯೆಂದು ಷಮೀಮ್ ಸೂರಿನ ಕಡೆ ನೋಡಿದಳು. ಮಳೆಯಲ್ಲ, ಅವು ಮೇಯುವ ಸದ್ದು. ಗಂಗುಲಮ್ಮ ಒಂದು ಹುಳುವನ್ನು ಎತ್ತಿ ಅವಳ ಅಂಗೈಗೆ ಬಿಟ್ಟಳು. ಅದು ತಣ್ಣಗಿತ್ತು, ತಲೆಯೆತ್ತಿ ಆ ಕಡೆ ಈ ಕಡೆ ಹುಡುಕಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ಹೊತ್ತು ಮುಳುಗಿ ಮಗ್ರಿಬ್ ಅಜಾನ್ ಕೇಳಿದ ಮೇಲೆಯೇ ಅವಳಿಗೆ ಮನೆಯ ನೆನಪಾದದ್ದು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಏನು ಬರೆಯಲಿ ಎಂದು ಕೇಳಿದಳು. ಗಂಗುಲಮ್ಮ ಯೋಚನೆಗೆ ನಿಲ್ಲಲಿಲ್ಲ. "ಇಪ್ಪತ್ತು ವರ್ಷದಿಂದ ಸಾಕ್ತಿದೀನಿ. ಗೂಡು ಸಂತೆಗೆ ಹಾಕಿ ಹಿಂದಕ್ಕೆ ನೋಡ್ದೆ ಬಂದ್ಬಿಡ್ತೀನಿ. ಇಲ್ಲಿಂದ ಹೋದ್ಮೇಲೆ ಇವು ಏನಾಗ್ತವೆ, ಅದನ್ನ ಬರಿಯಮ್ಮ."

ಅವತ್ತು ಮನೆಯಲ್ಲಿ ಷಮೀಮ್ ಹಂಡೆಯ ಮುಂದೆ ಕೂತಳು. ಬಿಸಿನೀರಲ್ಲಿ ಗೂಡುಗಳು ಕುಣಿಯುತ್ತಿದ್ದವು, ಎಳೆ ಮೇಲೇರಿ ಚರಕಕ್ಕೆ ಸುತ್ತಿಕೊಳ್ಳುತ್ತಿತ್ತು, ಬಿಚ್ಚಿ ಮುಗಿದ ಗೂಡಿನೊಳಗಿಂದ ಕಂದು ಹುಳು ತಳಕ್ಕೆ ಬೀಳುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೇ. ಆದರೆ ಇವತ್ತು ಅಂಗೈ ತಣ್ಣಗಾದಂತಾಗಿ ಅವಳು ಎದ್ದುಹೋದಳು. ಕೇಳಿದ್ದನ್ನೇ ಬರೆಯಬೇಕು ಎಂದಿದ್ದರು ಮೇಷ್ಟ್ರು. ಮಕ್ಕಳು ಎಂದು ಕರೆಯುವವಳ ಗೋಡೆಯ ಮೇಲೆ ಕುದಿಯುವ ಹಂಡೆ ಬರೆಯುವುದು ಹೇಗೆ? ಬರೆಯದಿದ್ದರೆ, ನಂಬಿ ಕೇಳಿದವಳಿಗೆ ಸುಳ್ಳು ಹೇಳಿದಂತೆ. ಎರಡು ಸಂಜೆ ಅವಳು ಗೋಡೆಯ ಮುಂದೆ ಸುಮ್ಮನೆ ಕೂತು ಎದ್ದುಬಂದಳು.

ಮೂರನೆಯ ಸಂಜೆ ಕೆಮ್ಮಣ್ಣು ಕಲೆಸಿದಳು, ಬಿಳಿ ಜೇಡಿಮಣ್ಣು ನೆನೆಸಿದಳು, ಒಲೆಯಿಂದ ಇದ್ದಿಲು ತಂದಳು. ಯಾವುದಕ್ಕೂ ವಾಸನೆಯಿಲ್ಲ. ಗೋಡೆಯ ತುಂಬ ಕೆಂಪು ಸಂಜೆಯ ಆಕಾಶ ಬರೆದಳು. ಆಮೇಲೆ ಗೋಡೆಯ ಆಚೆ ಹುಳುಗಳು ಮೇಯುವ ಮಳೆಯನ್ನು ಕೇಳುತ್ತ, ಕೈ ತಾನಾಗಿಯೇ ಹೋದ ಕಡೆ ಹೋಗಲು ಬಿಟ್ಟಳು. ಒಂದು ಬಿಳಿ ಚಿಟ್ಟೆ ಬಂತು. ಮರುದಿನ ಹತ್ತು, ಅದರ ಮರುದಿನ ಲೆಕ್ಕವಿಲ್ಲದಷ್ಟು. ಸೂರಿನವರೆಗೂ ಚಿಟ್ಟೆಗಳು, ಒಂದೊಂದೂ ರೆಕ್ಕೆ ಬಿಚ್ಚಿ ನಂದಿಬೆಟ್ಟದ ಕಡೆಗೆ ಹೊರಟಿದ್ದವು. ದಾರಿಹೋಕರು ನಿಂತು ನೋಡಿದರು. ಷಮೀಮಳಿಗೆ ಮಾತ್ರ ಒಂದೊಂದು ರೆಕ್ಕೆ ಬರೆದಾಗಲೂ ಹಂಡೆಯ ತಳ ಕಣ್ಣಿಗೆ ಬರುತ್ತಿತ್ತು.

ಏಳನೆಯ ಸಂಜೆ ಹೋದಾಗ ಗಂಗುಲಮ್ಮನ ಮುಖ ಅರಳಿತ್ತು. ಮೊದಲ ದಿನದ ಬಣ್ಣದ ವಾಸನೆಗೆ ಒಂದು ಹುಳುವೂ ಸತ್ತಿರಲಿಲ್ಲ. ಮೇವು ಬಿಟ್ಟು, ಮೈ ಹಳದಿಯಾಗಿ, ಎಲ್ಲವೂ ಹಣ್ಣಾಗಿದ್ದವು. ಅವಳು ಅವನ್ನು ಆರಿಸಿ, ಬಿದಿರಿನ ತಟ್ಟಿಯಂಥ ಚಂದ್ರಿಕೆಯ ಸುರುಳಿ ಸುರುಳಿಗೂ ಗೂಡು ಕಟ್ಟಲು ಬಿಟ್ಟಿದ್ದಳು. ಹುಳು ತುಂಬಿದ ಒಂದು ಚಂದ್ರಿಕೆಯನ್ನು ಹೊರಗೆ ಹೊತ್ತು ತಂದವಳು ಮುಗಿದ ಚಿತ್ರದ ಮುಂದೆ ಹಾಗೇ ನಿಂತಳು.

ಷಮೀಮ್ ತಲೆ ತಗ್ಗಿಸಿದಳು. "ಇದು ನಿಜ ಅಲ್ಲಮ್ಮ," ಎಂದಳು.

"ಗೊತ್ತು ಕಣಮ್ಮ. ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ?" ಗಂಗುಲಮ್ಮನ ಕಣ್ಣು ಚಿಟ್ಟೆಗಳ ಮೇಲೇ ಇತ್ತು. "ಗೊತ್ತಿಲ್ದೆ ಇರೋದು ಇವಕ್ಕೆ ಮಾತ್ರ. ನೀನೂ ಹೇಳ್ಬೇಡ."

ಗಾಳಿಯಾಡಲೆಂದು ಯಾವತ್ತೂ ಬೀದಿಗೆ ಮುಖಮಾಡಿ ಒರಗಿಸುತ್ತಿದ್ದ ಚಂದ್ರಿಕೆಯನ್ನು ಅವಳು ಅವತ್ತು ಮೆಲ್ಲಗೆ ತಿರುಗಿಸಿ, ಹುಳುಗಳ ಮುಖ ಗೋಡೆಯ ಕಡೆಗಿರುವಂತೆ ನಿಲ್ಲಿಸಿದಳು.