ಫ್ರೀಜರಿನಲ್ಲಿದ್ದ ಬಾಟಲಿ

ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ತಮ್ಮ ರಜೆಗೆ ಬಂದವನು ಅಕ್ಕನ ಮನೆಯಲ್ಲಿ ನಿಂಬೆಹಣ್ಣು ಹಿಂಡುತ್ತಿದ್ದ. ನಿಂಬೆಯ ಐಸಿಗೆ ವೋಡ್ಕಾ, ನೊರೆಯುಕ್ಕುವ ವೈನ್ ಸೇರಿಸಿ ಕಡೆದರೆ ಇಟಲಿಯವರ ಸ್ಗ್ರೊಪ್ಪಿನೊ. ಸಂಜೆಗೆ ಅವನ ಗೆಳೆಯರು ಬರುವವರಿದ್ದರು.

“ಭಾವ, ನಿಮಗೆ ಬರೀ ನಿಂಬೆ ಐಸು. ಆಣೆ ನೆನಪುಂಟಲ್ಲ?”

ಭಾವ ನಕ್ಕ. ಇನ್ನು ಕುಡಿದರೆ ಅಕ್ಕನನ್ನು ತವರಿಗೆ ಕರೆದೊಯ್ಯುತ್ತೇನೆಂದು ಹೆದರಿಸಿ, ಧರ್ಮಸ್ಥಳದಲ್ಲಿ ಅವನಿಂದ ಆಣೆ ಹಾಕಿಸಿದ್ದವನು ಈ ತಮ್ಮನೇ.

ತಮ್ಮ ಫ್ರೀಜರಿನಿಂದ ವೋಡ್ಕಾ ಬಾಟಲಿ ತೆಗೆದು ಬಗ್ಗಿಸಿದ. ಹನಿಯೂ ಬೀಳಲಿಲ್ಲ. ಒಳಗಿನದು ಕಲ್ಲಿನಂತೆ ಹೆಪ್ಪುಗಟ್ಟಿತ್ತು.

“ವೋಡ್ಕಾ ಫ್ರೀಜರಲ್ಲಿ ಗಟ್ಟಿ ಆಗುದಿಲ್ಲ ಭಾವ. ಇದು ನೀರು. ಹೋದ ವಾರ ನಾನೇ ಇಟ್ಟ ಬಾಟಲಿ. ಯಾರು ಕುಡಿದದ್ದು?”

“ಹೋಗ್ಲಿ ಬಿಡಾ ಮಾರಾಯ,” ಎಂದಳು ಅಕ್ಕ. ಅವಳು ಕೈಯಲ್ಲಿದ್ದ ಲೋಟವನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು.

“ನೀನು ಸುಮ್ಮನಿರಕ್ಕ. ಮಂಜುನಾಥ ಸ್ವಾಮಿಯ ಹೆಸರು ಹೇಳಿದ ಮೇಲೂ ಹೀಗೆ ಮಾಡುದಾ ಭಾವ? ದೇವರ ಹೆದರಿಕೆಯಾದರೂ ಬೇಡವಾ?”

ಭಾವ ಗೋಡೆಯ ಮೇಲಿನ ದೇವರ ಪಟವನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

“ನಾನೇ ಕುಡಿದದ್ದು. ತಪ್ಪಾಯ್ತು.”

“ಅಕ್ಕ, ಬಟ್ಟೆ ತುಂಬಿಸಿಕೋ, ಹೊರಡುವ,” ಎಂದು ತಮ್ಮ ಕಾರು ತೆಗೆಯಲು ಹೊರಗೆ ಹೋದ.

ಭಾವ ಹೆಂಡತಿಯ ಕೈಯಿಂದ ಲೋಟ ತೆಗೆದು ಕೆಳಗಿಟ್ಟು, ಮೆಲ್ಲಗೆ ಹೇಳಿದ:

“ಅಲ್ಲಿ ಅಮ್ಮ ಇರ್ತಾರೆ ವಿನುತಾ. ಅವರ ಮುಖ ನೋಡಿಯಾದರೂ ನೀನು ಕುಡಿಯುದು ಬಿಟ್ಟುಬಿಡು.”