ತೊಲೆಯ ತುಂಡು

ಬಿಸಿಲಿಗೆ ಉಕ್ಕೂ ಬಾಗತೊಡಗಿದ ಮೇಲೆ, ಪ್ರತಿ ಮನೆಯ ಉಕ್ಕಿನ ತೊಲೆಯದೊಂದು ತುಂಡನ್ನು ನಮ್ಮ ಲ್ಯಾಬಿನ ಕುಲುಮೆಯಲ್ಲಿ ತೂಗುಹಾಕಿದ್ದೇವೆ. ಮನೆಯ ತೊಲೆ ಹೊರುವಷ್ಟೇ ಭಾರ; ಅದಕ್ಕಿಂತ ಮೊದಲೇ ಇದು ಸೋಲಲೆಂದು ಕಾವು ಮಾತ್ರ ತುಸು ಹೆಚ್ಚು. ತುಂಡು ನಿಧಾನಕ್ಕೆ ಜಗ್ಗಿ ಹರಿದರೆ, ಆ ಮನೆಯವರು ಅಂದೇ ಮನೆ ಬಿಡಬೇಕು.

ದಿನಾ ತಮ್ಮ ತುಂಡನ್ನು ನೋಡಿಹೋಗುವ ನೀಲವ್ವ ಇಂದು ಬಂದು ನಿಂತಾಗಲೇ ಅದು ಟಪ್ಪೆಂದು ಹರಿಯಿತು.

"ನಮ್ದಲ್ಲ ಅನ್ನವಾ," ಎಂದರು.

ನಾನು ತುಂಡಿನ ಮೇಲೆ ಕೊರೆದಿದ್ದ ಅವರ ಮನೆ ನಂಬರು ತೋರಿಸಿದೆ.

"ಮಗಳು ಮೊನ್ನೆ ಇನ್ನಾ ಹಡದಾಳ. ಕಾವು ಚೂರು ಇಳಿಸಿ ಇನ್ನೊಂದ ತುಂಡು ಹಾಕವಾ."

"ಇಲ್ಲಿ ಇಳಿಸಿದ್ರ ನಿಮ್ಮನಿ ಮ್ಯಾಲಿನ ಬಿಸಲು ಇಳಿಯೂದಿಲ್ರೀ."

"ಹಂಗಾರ ಆ ಬಿಸಲಾಗ ಕೂಸು ಎಷ್ಟೊತ್ತು ತಡೀತೈತಿ? ಅದನ್ನ ಯಾವ ಕುಲುಮ್ಯಾಗ ಇಟ್ಟು ನೋಡೀರಿ?"

ಯಾವುದರಲ್ಲೂ ನೋಡಿರಲಿಲ್ಲ. ಮನೆ ಬಿಡಿರೆಂದು ಕೂಗುವ ಅವರ ಓಣಿಯ ಸೈರನ್ ಗುಂಡಿ ಒತ್ತಿದೆ.

ಕೂಸಿಗೆ ಹೊದಿಸಲು ಸೆರಗು ನೆನೆಸಿಕೊಳ್ಳಬೇಕು, ನಲ್ಲಿ ಎಲ್ಲಿದೆ ಎಂದು ನೀಲವ್ವ ಕೇಳಿದರು.